ಎಂಆರ್‌ಎನ್‌ಎ ಎಂಟು ಪಟ್ಟು ಏರಿದೆ, ಪ್ರೋಟೀನ್ ಮಾತ್ರ ಇದ್ದಲ್ಲೇ ಇದೆ. ಎಲ್ಲಿ ನೋಡಲಿ?

ಕಪ್ಪುಪಟ್ಟಿ

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಕಡೆ ನಿಂತಿದ್ದೇನೆ, ದಾರಿ ತೋಚುತ್ತಿಲ್ಲ.

ಮನುಷ್ಯರ ಜೀವಕೋಶಗಳನ್ನು ಡಿಶ್‌ನಲ್ಲಿ ಬೆಳೆಸಿ, ಒಂದು ರಾಸಾಯನಿಕ ಹಾಕಿ ಒತ್ತಡ ಕೊಡುತ್ತೇನೆ. ನಾಲ್ಕು ಗಂಟೆ ಆದ ಮೇಲೆ ಕೋಶಗಳನ್ನು ಕೆರೆದು ತೆಗೆದು ಎರಡು ಪಾಲು ಮಾಡುತ್ತೇನೆ. ಒಂದು ಪಾಲಿನಿಂದ ಆರ್‌ಎನ್‌ಎ, ಇನ್ನೊಂದರಿಂದ ಪ್ರೋಟೀನ್. ಎಂಆರ್‌ಎನ್‌ಎ, ಅಂದರೆ ಪ್ರೋಟೀನ್ ಕಟ್ಟಲು ಜೀನ್‌ನಿಂದ ಮಾಡಿಕೊಂಡ ನಕಲು, ಎಷ್ಟಿದೆ ಅಂತ ಕ್ಯೂಪಿಸಿಆರ್ ಅಳೆಯುತ್ತದೆ. ಕ್ಯೂಪಿಸಿಆರ್‌ನಲ್ಲಿ ನನ್ನ ಜೀನ್‌ನ ಸಿಟಿ ಬೆಲೆ (ಎಷ್ಟು ಸಲ ದುಪ್ಪಟ್ಟು ಮಾಡಿದರೆ ಕಾಣುತ್ತದೆ ಅನ್ನುವ ಸಂಖ್ಯೆ) 24ರಿಂದ 21ಕ್ಕೆ ಇಳಿಯುತ್ತದೆ. ಮೂರು ಸೈಕಲ್ ಕಡಿಮೆ, ಅಂದರೆ ಎಂಟು ಪಟ್ಟು ಜಾಸ್ತಿ. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ ಬಂತು. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನನ್ನು ಆಂಟಿಬಾಡಿಯಿಂದ ಗುರುತಿಸಿ ಅಳೆಯುವ ವಿಧಾನ) ಮಾತ್ರ ಒತ್ತಡ ಕೊಟ್ಟದ್ದರ ಬ್ಯಾಂಡ್, ಕೊಡದೇ ಇದ್ದದ್ದರ ಬ್ಯಾಂಡ್ ಎರಡೂ ಒಂದೇ ದಪ್ಪ. ಹೆಸರು ಬರೆಯದೆ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದು ಅಂತ ನನಗೇ ಗೊತ್ತಾಗುವುದಿಲ್ಲ.

ನಮ್ಮ ಗೈಡ್ "ಎರಡರಲ್ಲಿ ಒಂದು ತಪ್ಪಿರಬೇಕು, ಯಾವುದು ಅಂತ ಹುಡುಕು" ಅಂದಿದ್ದಾರೆ. ನಿಜವಾಗಿಯೂ ಒಂದು ತಪ್ಪಿರಲೇಬೇಕಾ?

ಹಳೇ_ಪಿಪೆಟ್

ತಪ್ಪಿರಲೇಬೇಕು ಅಂತೇನಿಲ್ಲ. ಆದರೆ ಜೀವಶಾಸ್ತ್ರದ ಕಡೆ ಹೋಗುವ ಮೊದಲು ಅಳತೆ ಸರಿಯಿದೆಯಾ ಅಂತ ನೋಡಿಬಿಡಿ.

ಮೊದಲು ಆಂಟಿಬಾಡಿ. ಅದು ಹಿಡಿಯುತ್ತಿರುವುದು ನಿಮ್ಮ ಪ್ರೋಟೀನನ್ನೇ ತಾನೇ? ಅದೇ ತೂಕದ ಬೇರೆ ಪ್ರೋಟೀನನ್ನು ಹಿಡಿದು ಕೂತರೆ ಬ್ಯಾಂಡ್ ಎಂದಿಗೂ ಅಲುಗುವುದಿಲ್ಲ. ಆ ಜೀನನ್ನು ಅಡಗಿಸಿದ ಕೋಶಗಳ ಸ್ಯಾಂಪಲ್ ಒಂದನ್ನು ಅದೇ ಜೆಲ್‌ನಲ್ಲಿ ಓಡಿಸಿ. ಬ್ಯಾಂಡ್ ಮಾಯವಾಗಬೇಕು.

ಆಮೇಲೆ ಸ್ಯಾಚುರೇಷನ್. ಬ್ಯಾಂಡ್ ತೀರಾ ಕಪ್ಪಾಗಿದ್ದರೆ ಎರಡು ಪಟ್ಟಿಗೂ ಮೂರು ಪಟ್ಟಿಗೂ ವ್ಯತ್ಯಾಸ ಕಾಣುವುದಿಲ್ಲ. ಒಂದೇ ಸ್ಯಾಂಪಲ್ಲನ್ನು ಪೂರ್ತಿ, ಅರ್ಧ, ಕಾಲು, ಅರೆಕಾಲು ಅಂತ ಲೋಡ್ ಮಾಡಿ, ಬ್ಯಾಂಡ್ ಅದೇ ಲೆಕ್ಕದಲ್ಲಿ ಇಳಿಯುತ್ತದಾ ನೋಡಿ.

ಕ್ಯೂಪಿಸಿಆರ್‌ಗೆ ಯಾವ ಜೀನನ್ನು ಹೋಲಿಕೆಗೆ ಇಟ್ಟಿದ್ದೀರಿ? ಜಿಎಪಿಡಿಎಚ್ ಆದರೆ ಎಚ್ಚರ. ಆಮ್ಲಜನಕ ಕಡಿಮೆಯಾದಾಗ ಅದೇ ಏರುತ್ತದೆ. ಒಂದೇ ಜೀನ್ ನಂಬಿಕೊಂಡು ಕೂರಬೇಡಿ, ಎರಡು ಮೂರು ಇಟ್ಟುಕೊಳ್ಳಿ.

ಕಪ್ಪುಪಟ್ಟಿ

ಸರ್, ಹೋಲಿಕೆಗೆ ಎರಡು ಜೀನ್ ಇಟ್ಟಿದ್ದೆ, ಎರಡೂ ಅಲುಗಿಲ್ಲ. ಜೀನ್ ಅಡಗಿಸಿದ ಕೋಶಗಳಲ್ಲಿ ಬ್ಯಾಂಡ್ ಮುಕ್ಕಾಲು ಪಾಲು ಕಡಿಮೆಯಾಗುತ್ತದೆ, ಆದ್ದರಿಂದ ಆಂಟಿಬಾಡಿ ಸರಿಯಿದೆ. ಲೋಡಿಂಗ್ ಮಾತ್ರ ನೀವು ಹೇಳಿದ ಹಾಗೆ ಇಂದು ಮಾಡಿ ನೋಡಿದೆ. ಪೂರ್ತಿ ಮತ್ತು ಅರ್ಧ ಒಂದೇ ಥರ ಕಾಣುತ್ತಿವೆ! ಕಾಲು ಭಾಗದಿಂದ ಕೆಳಗೆ ಮಾತ್ರ ಲೆಕ್ಕಕ್ಕೆ ಸರಿಯಾಗಿ ಇಳಿಯುತ್ತದೆ. ಇಷ್ಟು ದಿನ ಜಾಸ್ತಿ ಲೋಡ್ ಮಾಡುತ್ತಿದ್ದೆ. ಕಾಲು ಲೋಡ್‌ನಲ್ಲಿ ಮತ್ತೆ ಓಡಿಸಿದಾಗ ಒತ್ತಡದ ಬ್ಯಾಂಡ್ ಕೊಂಚ ಗಾಢ, ಹೆಚ್ಚೆಂದರೆ 1.3 ಪಟ್ಟು. ಎಂಟರ ಹತ್ತಿರಕ್ಕೂ ಇಲ್ಲ.

ಲೆಕ್ಕದವಳು

1.3 ಬಂದಿದ್ದರೆ ನಿಮ್ಮ ಎರಡೂ ಪ್ರಯೋಗ ಸರಿಯಿರುವ ಸಾಧ್ಯತೆಯೇ ಜಾಸ್ತಿ. ಒಂದು ಸಣ್ಣ ಲೆಕ್ಕ ಹಾಕಿ ತೋರಿಸುತ್ತೇನೆ.

ಇಲಿಯ ಫೈಬ್ರೊಬ್ಲಾಸ್ಟ್ ಕೋಶಗಳಲ್ಲಿ 2011ರಲ್ಲಿ ಐದು ಸಾವಿರಕ್ಕೂ ಹೆಚ್ಚು ಜೀನ್‌ಗಳನ್ನು ಅಳೆದ ಕೆಲಸವೊಂದಿದೆ. ಅದರಲ್ಲಿ ಎಂಆರ್‌ಎನ್‌ಎಯ ಅರ್ಧಾಯು (ಇದ್ದದ್ದರಲ್ಲಿ ಅರ್ಧ ಒಡೆದುಹೋಗಲು ಹಿಡಿಯುವ ಹೊತ್ತು) ನಡುಮಟ್ಟದಲ್ಲಿ 9 ಗಂಟೆ, ಪ್ರೋಟೀನಿನದು 46 ಗಂಟೆ. ನಿಮ್ಮ ಪ್ರೋಟೀನ್ ಕೂಡ 46 ಗಂಟೆಯದು ಅಂತ ಇಟ್ಟುಕೊಳ್ಳಿ. ಒತ್ತಡಕ್ಕೆ ಮುಂಚೆ ಕೋಶದಲ್ಲಿ ಅದು 1 ಪಾಲು ಇದೆ. ತಯಾರಿ ತಟ್ಟನೆ ಎಂಟು ಪಟ್ಟಾಯಿತು. ಹಾಗೇ ಬಿಟ್ಟರೆ ಕೊನೆಗೆ 8 ಪಾಲಿಗೆ ಮುಟ್ಟುತ್ತದೆ. ಆದರೆ ಮುಟ್ಟುವ ವೇಗವನ್ನು ಗೊತ್ತುಮಾಡುವುದು ತಯಾರಿಯ ವೇಗ ಅಲ್ಲ, ಅರ್ಧಾಯು. ಮೊದಲ 46 ಗಂಟೆಯಲ್ಲಿ ಅರ್ಧ ದಾರಿ, ಇನ್ನೊಂದು 46 ಗಂಟೆಯಲ್ಲಿ ಉಳಿದದ್ದರ ಅರ್ಧ. ಹೀಗೆ ಲೆಕ್ಕ ಹಾಕಿದರೆ ನಾಲ್ಕು ಗಂಟೆಗೆ 1.4 ಪಾಲು. 24 ಗಂಟೆಗೆ 3.1.

ಅದೇ ಪ್ರೋಟೀನಿನ ಅರ್ಧಾಯು 1 ಗಂಟೆ ಆಗಿದ್ದರೆ? ನಾಲ್ಕೇ ಗಂಟೆಯಲ್ಲಿ 7.6. ಎಂಆರ್‌ಎನ್‌ಎ ಅದೇ, ಎಂಟು ಪಟ್ಟು ಅದೇ. ಬೇಗ ಒಡೆಯುವ ಪ್ರೋಟೀನ್ ಮಾತ್ರ ಬೇಗ ಏರುತ್ತದೆ. ಮೊದಲ ಸಲ ಇದನ್ನು ಕಾಗದದ ಮೇಲೆ ಬಿಡಿಸಿದಾಗ ನನಗೆ ನಂಬಲು ಆಗಿರಲಿಲ್ಲ. ಈಗಲೂ ಯಾರಾದರೂ ಈ ಪ್ರಶ್ನೆ ಕೇಳಿದರೆ ಮೊದಲು ಇದನ್ನೇ ಬಿಡಿಸಿ ತೋರಿಸುತ್ತೇನೆ.

ಇನ್ನೊಂದು ಮಾತು. ನಿಮ್ಮ ಎಂಆರ್‌ಎನ್‌ಎ ಮೊದಲ ನಿಮಿಷದಿಂದಲೇ ಎಂಟು ಪಟ್ಟು ಇರಲಿಲ್ಲ, ಏರುತ್ತಾ ಬಂದು ನಾಲ್ಕನೇ ಗಂಟೆಗೆ ಎಂಟಾಗಿದೆ. ಆದ್ದರಿಂದ 1.4ಕ್ಕಿಂತಲೂ ಕಡಿಮೆ ಬರಬೇಕು. ನಿಮಗೆ 1.3 ಬಂದಿದೆ ಅಲ್ವಾ?

ಸಿಗ್ಮಾ70

ಲೆಕ್ಕದವಳು ಅವರೇ, ಲೆಕ್ಕ ಚೆನ್ನಾಗಿದೆ, ಆದರೆ ಒಂದು ವಿಷಯ ಬಿಟ್ಟುಹೋಗಿದೆ. ಕೋಶ ಒಡೆದು ಎರಡಾದಾಗ ಪ್ರೋಟೀನೂ ಎರಡು ಪಾಲಾಗುತ್ತದೆ. ಒಡೆಯುವ ಕಿಣ್ವ ಮುಟ್ಟದಿದ್ದರೂ ಸಾಂದ್ರತೆ ಇಳಿಯುತ್ತದೆ. ಲೆಕ್ಕದಲ್ಲಿ ಅದೂ ಒಂದು ನಷ್ಟವೇ.

ನಾನು ಇ. ಕೋಲೈ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುವವನು, ಅದಕ್ಕೆ ಇದು ತಕ್ಷಣ ಕಣ್ಣಿಗೆ ಬಿತ್ತು. ಒಳ್ಳೆ ಆಹಾರ ಸಿಕ್ಕರೆ ಅದು 20 ನಿಮಿಷಕ್ಕೆ ದುಪ್ಪಟ್ಟಾಗುತ್ತದೆ. ಅದರ ಬಹುಪಾಲು ಪ್ರೋಟೀನ್‌ಗಳು ಒಡೆಯುವುದೇ ಇಲ್ಲ, ಸುಮ್ನೆ ಹಂಚಿಹೋಗಿ ತೆಳುವಾಗುತ್ತವೆ. ಎಂಆರ್‌ಎನ್‌ಎ ಬಾಳುವುದು ಕೆಲವೇ ನಿಮಿಷ. ಆರ್‌ಎನ್‌ಎ ಎಳೆ ಇನ್ನೂ ಡಿಎನ್‌ಎಯಿಂದ ಬಿಡಿಸಿಕೊಳ್ಳುವ ಮೊದಲೇ ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ಅದರ ಮೇಲೆ ಹತ್ತಿ ಓಡುತ್ತಿರುತ್ತದೆ. ಅದಕ್ಕೇ ಲ್ಯಾಕ್ ಒಪೆರಾನ್‌ನಲ್ಲಿ (ಹಾಲಿನ ಸಕ್ಕರೆ ಅರಗಿಸುವ ಜೀನ್‌ಗಳ ಗುಂಪು) ಅದನ್ನು ಹತ್ತಿಸುವ ಐಪಿಟಿಜಿ ಹಾಕಿದ ಕೆಲವೇ ನಿಮಿಷಕ್ಕೆ ಬೀಟಾ ಗ್ಯಾಲಕ್ಟೊಸಿಡೇಸ್ ಕಿಣ್ವ ಸಿಗಲು ಶುರುವಾಗುತ್ತದೆ. 1961ರಲ್ಲಿ ಜಾಕೋಬ್ ಮತ್ತು ಮೊನೊ ಜೀನ್ ನಿಯಂತ್ರಣದ ಚಿತ್ರ ಬರೆದದ್ದು ಈ ಜೀವಿಯಿಂದ. "ಜೀನ್ ಹತ್ತಿಕೊಂಡರೆ ಪ್ರೋಟೀನ್ ಬಂತು" ಎಂಬ ಅಭ್ಯಾಸ ನಮಗೆಲ್ಲ ಅಲ್ಲಿಂದಲೇ ಬಂದಿದೆ ಅನ್ನಿಸುತ್ತದೆ. ಬ್ಯಾಕ್ಟೀರಿಯಾದ ಮಟ್ಟಿಗೆ ಅದು ಬಹುತೇಕ ನಿಜವೂ ಹೌದು.

ಕಪ್ಪುಪಟ್ಟಿ ಅವರೇ, ನಿಮ್ಮ ಕೋಶಗಳು 24 ಗಂಟೆಗೊಮ್ಮೆ ಒಡೆಯುತ್ತಿದ್ದರೆ ನಷ್ಟ ಜಾಸ್ತಿಯಾಗಿ, ಒಟ್ಟಾರೆ ಅರ್ಧಾಯು 46ರಿಂದ ಸುಮಾರು 16 ಗಂಟೆಗೆ ಇಳಿಯುತ್ತದೆ. ಆಗ ನಾಲ್ಕು ಗಂಟೆಗೇ 2.1 ಪಟ್ಟು ಕಾಣಬೇಕಿತ್ತು. ಕೋಶಗಳು ಬೆಳೆಯುತ್ತಿದ್ದವಾ?

ಕಪ್ಪುಪಟ್ಟಿ

ಇಲ್ಲ. ಹಿಂದಿನ ದಿನವೇ ಕೋಶ ಬೆಳೆಯಲು ಬೇಕಾದ ಸೀರಮ್ ತೆಗೆದಿರುತ್ತೇನೆ, ಡಿಶ್ ಕೂಡ ತುಂಬಿರುತ್ತದೆ. ಒತ್ತಡ ಕೊಡುವಾಗ ಕೋಶಗಳು ಒಡೆದು ಎರಡಾಗುತ್ತಿರುವುದಿಲ್ಲ. ಹಾಗಾದರೆ ಲೆಕ್ಕದವಳು ಅವರ ಮೊದಲ ಲೆಕ್ಕವೇ ನನಗೆ ಹೊಂದುತ್ತದೆ ಅಂತಾಯಿತಾ?

ಸಿಗ್ಮಾ70

ಹೌದು, ಹಾಗಿದ್ದರೆ ಹೊಂದುತ್ತದೆ. ಆದರೆ ಅರ್ಧಾಯು 46 ಗಂಟೆ ಅನ್ನುವುದು ಸದ್ಯಕ್ಕೆ ಊಹೆ. ನಿಮ್ಮ ಪ್ರೋಟೀನಿನದು ಎಷ್ಟು ಅಂತ ನೀವೇ ಅಳೆಯಬೇಕು.

ಹುಳಪ್ರೇಮಿ

ಅರ್ಧಾಯು ಒಂದನ್ನೇ ಹಿಡಿದು ಕೂರಬೇಡಿ ಅಂತ ಹೇಳಲು ಬಂದೆ. ಎಂಆರ್‌ಎನ್‌ಎ ಇದ್ದೂ ಅದರಿಂದ ಪ್ರೋಟೀನ್ ತಯಾರಾಗದೇ ಇರಬಹುದು.

ಸಿ. ಎಲಿಗ್ಯಾನ್ಸ್ ಹುಳದಲ್ಲಿ ಲಿನ್-14 ಎಂಬ ಜೀನ್ ಇದೆ. ಮೊದಲ ಮರಿ ಹಂತ ದಾಟುವಾಗ ಅದರ ಪ್ರೋಟೀನ್ ಬಿದ್ದುಹೋಗುತ್ತದೆ. ಬೀಳದಿದ್ದರೆ ಹುಳ ಮರಿಯ ಕೆಲಸಗಳನ್ನೇ ಮತ್ತೆ ಮತ್ತೆ ಮಾಡುತ್ತಾ ಉಳಿಯುತ್ತದೆ. ಆದರೆ ಎಂಆರ್‌ಎನ್‌ಎ ನೋಡಿದರೆ ಅದು ಪ್ರೋಟೀನಿನಷ್ಟು ಬೀಳುವುದಿಲ್ಲ. 1993ರಲ್ಲಿ ಆಂಬ್ರೋಸ್ ಮತ್ತು ರುವ್ಕುನ್ ಅವರ ಗುಂಪುಗಳು ಕಾರಣ ಹಿಡಿದವು: ಲಿನ್-4 ಎಂಬ ಇನ್ನೊಂದು ಜೀನ್ ಪ್ರೋಟೀನನ್ನೇ ಮಾಡುವುದಿಲ್ಲ. ಅದು ಮಾಡುವುದು 22 ಅಕ್ಷರದ ಪುಟ್ಟ ಆರ್‌ಎನ್‌ಎ. ಅದು ಹೋಗಿ ಲಿನ್-14ರ ಎಂಆರ್‌ಎನ್‌ಎಯ ಬಾಲದ ಕಡೆ ಜೋಡಿಯಾಗಿ ಕೂತು, ಪ್ರೋಟೀನ್ ತಯಾರಿ ತಡೆಯುತ್ತದೆ.

ಆಗ ಬಹಳ ಜನ ಇದು ಹುಳದ ವಿಚಿತ್ರ ಅಂದುಕೊಂಡರು. 2000ದಲ್ಲಿ ಲೆಟ್-7 ಸಿಕ್ಕಿತು, ಅದೇ ಅಕ್ಷರಗಳ ಸಾಲು ಮನುಷ್ಯರಲ್ಲೂ ಇತ್ತು. ಈ ಕೆಲಸಕ್ಕೆ 2024ರಲ್ಲಿ ನೊಬೆಲ್ ಬಂತು. ಮುಂದಿನ ಪ್ರಯೋಗಗಳಲ್ಲಿ ಪುಟ್ಟ ಆರ್‌ಎನ್‌ಎಗಳು ಎಂಆರ್‌ಎನ್‌ಎಯನ್ನೂ ಒಡೆಸುತ್ತವೆ ಅಂತ ಗೊತ್ತಾಗಿದೆ, ಆದ್ದರಿಂದ "ಅನುವಾದ (ಎಂಆರ್‌ಎನ್‌ಎ ಓದಿ ಪ್ರೋಟೀನ್ ಕಟ್ಟುವುದು) ಮಾತ್ರ ತಡೆಯುತ್ತವೆ" ಅಂತ ಬರೆಯುವುದು ಪೂರ್ತಿ ಸರಿಯಲ್ಲ. ಆದರೂ ಎಂಆರ್‌ಎನ್‌ಎ ಅಳೆದು ಪ್ರೋಟೀನ್ ಊಹಿಸಿದ್ದರೆ ಲಿನ್-14ರ ಕಥೆಯೇ ಕೈತಪ್ಪುತ್ತಿತ್ತು.

ಹುದುಗು

ಹುಳಪ್ರೇಮಿ ಹೇಳಿದ್ದಕ್ಕೆ ಯೀಸ್ಟ್ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಕಪ್ಪುಪಟ್ಟಿ ಅವರು "ಒತ್ತಡ" ಅಂದಿದ್ದಾರಲ್ಲ, ಅದು ಇಲ್ಲಿ ಬಹಳ ಮುಖ್ಯ.

ಅಮೈನೋ ಆಮ್ಲ ಸಿಗದಿದ್ದಾಗ ಯೀಸ್ಟ್‌ನಲ್ಲಿ ಜಿಸಿಎನ್2 ಎಂಬ ಕಿಣ್ವ ಎಚ್ಚೆತ್ತು, ಇಐಎಫ್2 ಎಂಬ ಆರಂಭಕ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಇಐಎಫ್2 ಅಂದರೆ ಮೊದಲ ಅಮೈನೋ ಆಮ್ಲವನ್ನು ರೈಬೋಸೋಮಿಗೆ ಹೊತ್ತು ತರುವುದು. ಫಾಸ್ಫೇಟ್ ಅಂಟಿ ಅದು ಕೆಲಸಕ್ಕೆ ಸಿಗುವುದು ಕಡಿಮೆಯಾದರೆ ಕೋಶದಲ್ಲಿ ಹೆಚ್ಚಿನ ಎಲ್ಲ ಪ್ರೋಟೀನ್‌ಗಳ ತಯಾರಿ ಕುಂಠಿತವಾಗುತ್ತದೆ. ಆದರೆ ಅದೇ ಹೊತ್ತಿಗೆ ಜಿಸಿಎನ್4 ಎಂಬ ಒಂದು ಪ್ರೋಟೀನ್ ಮೇಲೇರುತ್ತದೆ.

ಹೇಗೆ ಅಂತ ನೋಡಿ. ಜಿಸಿಎನ್4ರ ಎಂಆರ್‌ಎನ್‌ಎಯಲ್ಲಿ ನಿಜವಾದ ಪಾಠಕ್ಕೆ ಮುಂಚೆ ನಾಲ್ಕು ಪುಟ್ಟ ಸುಳ್ಳು ಆರಂಭಗಳಿವೆ. ರೈಬೋಸೋಮ್ ಮೊದಲನೆಯದನ್ನು ಓದಿ ಮುಗಿಸಿದ ಮೇಲೂ ಅದರ ಒಂದು ಭಾಗ ಎಳೆಯನ್ನು ಬಿಡದೆ ಮುಂದೆ ಸಾಗುತ್ತದೆ. ಹೊಟ್ಟೆ ತುಂಬಿದ ಕೋಶದಲ್ಲಿ ಇಐಎಫ್2 ಬೇಗ ಸಿಗುತ್ತದೆ, ಹಾಗಾಗಿ ನಾಲ್ಕನೇ ಸುಳ್ಳು ಆರಂಭದಷ್ಟರಲ್ಲಿ ಮತ್ತೆ ಓದಲು ಶುರುಮಾಡಿ, ಅಲ್ಲೇ ಕಳಚಿ ಬೀಳುತ್ತದೆ. ನಿಜವಾದ ಪಾಠ ತಲುಪುವುದೇ ಇಲ್ಲ. ಹಸಿದ ಕೋಶದಲ್ಲಿ ಇಐಎಫ್2 ಸಿಗುವುದು ತಡ. ಆ ತಡದಲ್ಲಿ ರೈಬೋಸೋಮ್ ನಾಲ್ಕನೆಯದನ್ನು ಓದದೆ ದಾಟಿಬಿಡುತ್ತದೆ. ಮುಂದೆ ಇಐಎಫ್2 ಸಿಕ್ಕಾಗ ಎದುರಿಗಿರುವುದು ನಿಜವಾದ ಆರಂಭ. ಕೊರತೆಯನ್ನೇ ಅಳತೆಗೋಲು ಮಾಡಿಕೊಂಡ ಏರ್ಪಾಡು ಇದು. ಇಷ್ಟು ವರ್ಷ ಆದರೂ ಇದನ್ನು ಪಾಠ ಹೇಳುವಾಗ ನನಗೆ ಖುಷಿ ಕಡಿಮೆಯಾಗಿಲ್ಲ.

ನಮ್ಮ ಕೋಶಗಳಲ್ಲಿ ಎಟಿಎಫ್4 ಎಂಬ ಪ್ರೋಟೀನ್ ಕೂಡ ಇದೇ ಥರದ ಯುಕ್ತಿಯಲ್ಲಿ ನಡೆಯುತ್ತದೆ. ಆದ್ದರಿಂದ ಕಪ್ಪುಪಟ್ಟಿ ಅವರೇ, ನಿಮ್ಮ ರಾಸಾಯನಿಕ ಇಐಎಫ್2ಕ್ಕೆ ಫಾಸ್ಫೇಟ್ ಹಾಕಿಸುತ್ತಿದ್ದರೆ ಎಂಟು ಪಟ್ಟು ಎಂಆರ್‌ಎನ್‌ಎ ರೈಬೋಸೋಮ್ ಸಿಗದೆ ಸುಮ್ನೆ ಕೂತಿರಬಹುದು. ಸುಕ್ರೋಸ್ ಗ್ರೇಡಿಯಂಟ್‌ನಲ್ಲಿ ಪಾಲಿಸೋಮ್ (ಹಲವು ರೈಬೋಸೋಮ್ ಹತ್ತಿ ಭಾರವಾದ ಎಂಆರ್‌ಎನ್‌ಎ) ಬೇರ್ಪಡಿಸಿ, ನಿಮ್ಮ ಎಂಆರ್‌ಎನ್‌ಎ ಭಾರದ ಪಾಲಿನಲ್ಲಿ ಇದೆಯಾ ಹಗುರದ ಪಾಲಿನಲ್ಲಿ ಇದೆಯಾ ನೋಡಿ. ಅಷ್ಟು ಮಾಡಲು ಆಗದಿದ್ದರೆ, ಫಾಸ್ಫೇಟ್ ಅಂಟಿದ ಇಐಎಫ್2 ಆಲ್ಫಾಕ್ಕೆ ಒಂದು ವೆಸ್ಟರ್ನ್ ಸಾಕು.

ಚಿಗುರೆಲೆ

ಗಿಡದವರು ಯಾರೂ ಮಾತಾಡಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮಲ್ಲಿ ಎಂಆರ್‌ಎನ್‌ಎ ಏರುತ್ತಿರುವಾಗಲೇ ಪ್ರೋಟೀನ್ ಇಳಿಯುತ್ತದೆ.

ಆಕ್ಸಿನ್ ಹಾರ್ಮೋನ್ ಕೊಟ್ಟರೆ ಆಕ್ಸ್-ಐಎಎ ಎಂಬ ಗುಂಪಿನ ಹಲವು ಜೀನ್‌ಗಳು ನಿಮಿಷಗಳಲ್ಲಿ ಹತ್ತಿಕೊಳ್ಳುತ್ತವೆ. ಅದೇ ಆಕ್ಸಿನ್ ಆ ಪ್ರೋಟೀನ್‌ಗಳನ್ನು ಒಡೆಸುತ್ತದೆ. ಟಿಐಆರ್1 ಎಂಬ ಪ್ರೋಟೀನಿಗೂ ಆಕ್ಸ್-ಐಎಎಗೂ ನಡುವೆ ಆಕ್ಸಿನ್ ಅಂಟಿನ ಹಾಗೆ ಕೂತು ಎರಡನ್ನೂ ಬೆಸೆಯುತ್ತದೆ. ಆಮೇಲೆ ಯುಬಿಕ್ವಿಟಿನ್ ಎಂಬ ಗುರುತು ಹತ್ತುತ್ತದೆ, ಪ್ರೋಟೀನ್ ಒಡೆಯುವ ಯಂತ್ರವಾದ ಪ್ರೋಟಿಯಾಸೋಮ್ ಕತ್ತರಿಸುತ್ತದೆ. ಟಿಐಆರ್1 ತಾನೇ ಆಕ್ಸಿನ್ನಿನ ಗ್ರಾಹಕ ಅಂತ ಗೊತ್ತಾದದ್ದು 2005ರಲ್ಲಿ. ಒಂದೇ ಹಾರ್ಮೋನ್, ಒಂದು ಕೈಯಲ್ಲಿ ಮಾಡಿಸುತ್ತದೆ, ಇನ್ನೊಂದು ಕೈಯಲ್ಲಿ ಒಡೆಸುತ್ತದೆ. ಬರೀ ಕ್ಯೂಪಿಸಿಆರ್ ನೋಡಿದ್ದರೆ "ಆಕ್ಸಿನ್ ಈ ಪ್ರೋಟೀನನ್ನು ಹೆಚ್ಚಿಸುತ್ತದೆ" ಅಂತ ತಲೆಕೆಳಗಾಗಿ ಬರೆದುಬಿಡುತ್ತಿದ್ದೆವು.

ಪ್ರಾಣಿಗಳಲ್ಲೂ ಇಂಥವು ಬೇಕಾದಷ್ಟಿವೆ. ಎಚ್‌ಐಎಫ್-1 ಆಲ್ಫಾ ಎಂಬ ಪ್ರೋಟೀನ್ ಎಲ್ಲ ಹೊತ್ತೂ ತಯಾರಾಗುತ್ತಲೇ ಇರುತ್ತದೆ, ಆಮ್ಲಜನಕ ಇರುವವರೆಗೂ ಒಡೆಯುತ್ತಲೂ ಇರುತ್ತದೆ. ಆಮ್ಲಜನಕ ಇಳಿದರೆ ಒಡೆಯುವುದು ನಿಲ್ಲುತ್ತದೆ, ಅಷ್ಟೇ. ಪಿ53 ಕೂಡ ಹಾಗೇ. ಡಿಎನ್‌ಎ ಹಾಳಾದಾಗ ಅದರ ಎಂಆರ್‌ಎನ್‌ಎ ಅಷ್ಟಾಗಿ ಬದಲಾಗುವುದಿಲ್ಲ, ಅದನ್ನು ಒಡೆಸುತ್ತಿದ್ದ ಎಂಡಿಎಂ2 ಕೈಬಿಟ್ಟದ್ದರಿಂದ ಪ್ರೋಟೀನ್ ಮೇಲೇರುತ್ತದೆ.

ಕಪ್ಪುಪಟ್ಟಿ ಅವರೇ, ಎಂಜಿ132 ಹಾಕಿ ಪ್ರೋಟಿಯಾಸೋಮ್ ನಿಲ್ಲಿಸಿ ಒಂದು ಸಲ ನೋಡಿ. ಬ್ಯಾಂಡ್ ಚಿಮ್ಮಿ ಮೇಲೆ ಬಂದರೆ, ತಯಾರಾದದ್ದೆಲ್ಲ ಒಡೆಯುತ್ತಿತ್ತು ಅಂತ ಗೊತ್ತಾಗುತ್ತದೆ.

ಮೊದಲ_ಸೆಮಿಸ್ಟರ್

ದೊಡ್ಡವರ ಮಧ್ಯೆ ಒಂದು ಸಣ್ಣ ಪ್ರಶ್ನೆ. ಪ್ರೋಟೀನ್ ಮಟ್ಟದಲ್ಲಿನ ವ್ಯತ್ಯಾಸದ 40 ಶೇಕಡಾ ಮಾತ್ರ ಎಂಆರ್‌ಎನ್‌ಎಯಿಂದ ವಿವರಿಸಬಹುದು ಅಂತ ಎಲ್ಲೋ ಓದಿದೆ. ಹಾಗಾದರೆ ಎಲ್ಲರೂ ಆರ್‌ಎನ್‌ಎ ಸೀಕ್ವೆನ್ಸಿಂಗ್ ಯಾಕೆ ಮಾಡುತ್ತಾರೆ? ವ್ಯರ್ಥ ಅಲ್ವಾ?

ಲೆಕ್ಕದವಳು

ಸಣ್ಣ ಪ್ರಶ್ನೆ ಏನಲ್ಲ. ಈ 40ರ ಅಂಕಿಯನ್ನು ಜನ ತುಂಬಾ ತಪ್ಪಾಗಿ ಬಳಸುತ್ತಾರೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಆ ಅಂಕಿ ನಾನು ಮೇಲೆ ಹೇಳಿದ 2011ರ ಕೆಲಸದ್ದೇ. ಅದು ಕೇಳಿದ ಪ್ರಶ್ನೆ ಇದು: ಒಂದೇ ಕೋಶದಲ್ಲಿ, ಯಾವ ಬದಲಾವಣೆಯೂ ಇಲ್ಲದಿರುವಾಗ, ಒಂದು ಜೀನಿನ ಪ್ರೋಟೀನ್ ಇನ್ನೊಂದರದಕ್ಕಿಂತ ಯಾಕೆ ಜಾಸ್ತಿ? ಸಾವಿರಾರು ಬೇರೆ ಬೇರೆ ಜೀನ್‌ಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿದ್ದು. ಕಪ್ಪುಪಟ್ಟಿ ಅವರ ಪ್ರಶ್ನೆ ಬೇರೆಯೇ: ಒಂದೇ ಜೀನ್, ಎರಡು ಸ್ಥಿತಿ. ಮೊದಲನೆಯದರ ಉತ್ತರ ತಂದು ಎರಡನೆಯದಕ್ಕೆ ಹಚ್ಚಬಾರದು.

ಇನ್ನೊಂದು. 2014ರಲ್ಲಿ ಬೇರೆಯವರು ಅದೇ ದತ್ತಾಂಶವನ್ನು ಮತ್ತೆ ವಿಶ್ಲೇಷಿಸಿದರು. ಅಳತೆಯಲ್ಲೇ ದೋಷ ಇದ್ದರೆ ಎರಡು ಸಂಖ್ಯೆಗಳ ಹೊಂದಾಣಿಕೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಆ ದೋಷ ಕಳೆದರೆ ಎಂಆರ್‌ಎನ್‌ಎಯ ಪಾಲು 40ಕ್ಕಿಂತ ಬಹಳ ಮೇಲೆ ಹೋಗುತ್ತದೆ ಅಂತ ಅವರು ವಾದಿಸಿದರು. ನನಗೂ ಅದು ಸರಿ ಅನ್ನಿಸುತ್ತದೆ. ಅನುವಾದಕ್ಕೂ ಒಡೆತಕ್ಕೂ ಬೆಲೆ ಇಲ್ಲ ಅಂತ ಅರ್ಥವಲ್ಲ. ಮೇಲೆ ಹೇಳಿದ ಒಂದೊಂದು ಉದಾಹರಣೆಯೂ ಗಟ್ಟಿ. ಆದರೆ ಆರ್‌ಎನ್‌ಎ ಅಳೆಯುವುದು ವ್ಯರ್ಥ ಅನ್ನುವುದು ಖಂಡಿತ ತಪ್ಪು. ಕೋಶ ಏನು ಮಾಡಹೊರಟಿದೆ ಅಂತ ಅದು ಹೇಳುತ್ತದೆ. ಮಾಡಿ ಮುಗಿಸಿದೆಯಾ ಅಂತ ಬೇರೆ ನೋಡಬೇಕು.

ಹಳೇ_ಪಿಪೆಟ್

ಒಡೆತದ ಮಾತು ಬಂದದ್ದಕ್ಕೆ ಒಂದು ಹಳೆಯ ಜೆಲ್ ನೆನಪಾಯಿತು. 1982ರಲ್ಲಿ ಜೀವವಿಜ್ಞಾನಿ ಟಿಮ್ ಹಂಟ್ ಸಮುದ್ರ ಮುಳ್ಳುಚೆಂಡಿನ ಮೊಟ್ಟೆಗಳ ಮೇಲೆ ಕೆಲಸ ಮಾಡುತ್ತಿದ್ದರು. ಈ ಮೊಟ್ಟೆಗಳಲ್ಲಿ ತಾಯಿ ಇಟ್ಟ ಎಂಆರ್‌ಎನ್‌ಎ ಮೊದಲೇ ತುಂಬಿರುತ್ತದೆ, ಶುರುವಿನ ಕೋಶ ವಿಭಜನೆಗಳಿಗೆ ಹೊಸದಾಗಿ ಜೀನ್ ಹತ್ತಿಕೊಳ್ಳಬೇಕಿಲ್ಲ. ಅವರು ವಿಕಿರಣ ಸೂಸುವ ಮೆಥಿಯೊನೀನ್ ಹಾಕಿ, ಕೆಲವು ನಿಮಿಷಕ್ಕೊಮ್ಮೆ ಸ್ಯಾಂಪಲ್ ತೆಗೆದು ಜೆಲ್ ಓಡಿಸಿದರು. ಹೊತ್ತು ಹೋದ ಹಾಗೆ ಎಲ್ಲ ಬ್ಯಾಂಡ್‌ಗಳೂ ಗಾಢವಾಗುತ್ತಾ ಹೋಗಬೇಕು. ಹೋದವು ಕೂಡ. ಒಂದು ಮಾತ್ರ ಗಾಢವಾಗಿ ಬಂದು, ಕೋಶ ಒಡೆದು ಎರಡಾಗುವ ಹೊತ್ತಿಗೆ ಥಟ್ಟನೆ ಮಾಯವಾಯಿತು. ಮತ್ತೆ ಬಂತು, ಮತ್ತೆ ಮಾಯ. ಅದೇ ಸೈಕ್ಲಿನ್, ಕೋಶ ವಿಭಜನೆಯನ್ನು ನಡೆಸುವ ಪ್ರೋಟೀನ್.

ಇದರಲ್ಲಿ ನನಗೆ ಹಿಡಿಸುವುದು ಅವರು ಸಮಯದ ಸಾಲು ತೆಗೆದದ್ದು. ಒಂದೇ ಹೊತ್ತಿನ ಸ್ಯಾಂಪಲ್ ತೆಗೆದಿದ್ದರೆ ಆ ಬ್ಯಾಂಡ್ ಇದೆ ಅಥವಾ ಇಲ್ಲ, ಅಷ್ಟೇ ಕಾಣುತ್ತಿತ್ತು. ಕಪ್ಪುಪಟ್ಟಿ ಅವರೇ, ನಿಮ್ಮದೂ ನಾಲ್ಕು ಗಂಟೆಯ ಒಂದೇ ಸ್ಯಾಂಪಲ್. ಮೊದಲು ಅದನ್ನು ಬದಲಾಯಿಸಿ. ಸೈಕ್ಲೋಹೆಕ್ಸಿಮೈಡ್ ಹಾಕಿ ಹೊಸ ತಯಾರಿ ನಿಲ್ಲಿಸಿ, 0, 2, 4, 8 ಗಂಟೆಗೆ ತೆಗೆಯಿರಿ. ಅದಕ್ಕಿಂತ ಉದ್ದ ಎಳೆಯಬೇಡಿ, ಕೋಶಗಳು ಸಾಯತೊಡಗುತ್ತವೆ. ಔಷಧ ನಿಜವಾಗಿ ಕೆಲಸ ಮಾಡಿದೆ ಅಂತ ತೋರಿಸಲು ಬೇಗ ಒಡೆಯುವ ಪ್ರೋಟೀನ್ ಒಂದನ್ನು ಜೊತೆಗೆ ನೋಡಿ. ಸಿ-ಮಿಕ್ ಆಗಬಹುದು, ಅದರ ಅರ್ಧಾಯು ಅರ್ಧ ಗಂಟೆಯ ಆಸುಪಾಸು.

ಕಪ್ಪುಪಟ್ಟಿ

ಹನ್ನೊಂದು ದಿನ ಆಯಿತು, ಈಗ ಬರೆಯುವಷ್ಟು ಕೈಯಲ್ಲಿದೆ.

ಸೈಕ್ಲೋಹೆಕ್ಸಿಮೈಡ್ ಹಾಕಿದ ಜೆಲ್‌ನಲ್ಲಿ ಸಿ-ಮಿಕ್ ಎರಡನೇ ಗಂಟೆಗೇ ಹೆಚ್ಚುಕಡಿಮೆ ಇಲ್ಲ. ನನ್ನ ಪ್ರೋಟೀನ್ ಎಂಟನೇ ಗಂಟೆಯಲ್ಲೂ ಅಲ್ಲೇ ಇದೆ, ಸೊನ್ನೆ ಗಂಟೆಯದಕ್ಕೂ ಅದಕ್ಕೂ ವ್ಯತ್ಯಾಸ ತೋರಿಸಲು ನನ್ನಿಂದ ಆಗಲಿಲ್ಲ. ಎರಡೂ ಒಂದೇ ಮೆಂಬ್ರೇನ್ ಮೇಲೆ, ಒಂದರ ಕೆಳಗೆ ಒಂದು. ಆ ಚಿತ್ರ ನೋಡುತ್ತಾ ಬಹಳ ಹೊತ್ತು ಕೂತಿದ್ದೆ. ಎಂಜಿ132 ಹಾಕಿದರೂ ನಾಲ್ಕು ಗಂಟೆಯಲ್ಲಿ ಬ್ಯಾಂಡ್ ಬದಲಾಗಲಿಲ್ಲ. ಹಾಗಾಗಿ ಚಿಗುರೆಲೆ ಅವರೇ, ತಯಾರಾದದ್ದೆಲ್ಲ ಒಡೆಯುತ್ತಿಲ್ಲ. ಫಾಸ್ಫೇಟ್ ಅಂಟಿದ ಇಐಎಫ್2 ಆಲ್ಫಾ ಮೊದಲ ಗಂಟೆಯಲ್ಲಿ ಏರಿ, ನಾಲ್ಕನೇ ಗಂಟೆಗೆ ಬಹುಪಾಲು ಇಳಿದಿದೆ. ಶುರುವಿನಲ್ಲಿ ಹುದುಗು ಅವರು ಹೇಳಿದ್ದೂ ಸ್ವಲ್ಪ ನಡೆದಿರಬೇಕು.

ಆಮೇಲೆ ಸಮಯದ ಸಾಲು. 24 ಗಂಟೆಗೆ ಪ್ರೋಟೀನ್ ಎರಡು ಪಟ್ಟು, ಮೂರು ಸಲದಲ್ಲೂ. ಲೆಕ್ಕದವಳು ಅವರ ಲೆಕ್ಕದಲ್ಲಿ 3.1 ಇತ್ತು, ಅಷ್ಟು ಬರಲಿಲ್ಲ.

ಲೆಕ್ಕದವಳು

24 ಗಂಟೆಗೆ ಎಂಆರ್‌ಎನ್‌ಎ ಎಷ್ಟಿತ್ತು?

ಕಪ್ಪುಪಟ್ಟಿ

ಮೂರು ಪಟ್ಟು. ಎಂಟರಿಂದ ಇಳಿದಿದೆ.

ಲೆಕ್ಕದವಳು

ಹಾಗಾದರೆ 3.1 ಬರಬಾರದು. ನನ್ನ ಲೆಕ್ಕ ಇಡೀ ದಿನ ಎಂಟು ಪಟ್ಟೇ ಉಳಿಯುತ್ತದೆ ಅಂತ ಹಿಡಿದಿತ್ತು. ದಿನವಿಡೀ ಸರಾಸರಿ ಐದು ಪಟ್ಟು ಅಂತ ಹಾಕಿದರೆ 2.2 ಬರುತ್ತದೆ. ಮೊದಲ ಗಂಟೆಗಳಲ್ಲಿ ಅನುವಾದ ಕುಂಠಿತವಾಗಿದ್ದರೆ ಅದಕ್ಕಿಂತ ಸ್ವಲ್ಪ ಕಡಿಮೆ. ನಿಮ್ಮ ಎರಡು ಪಟ್ಟು ಸರಿಯಾಗಿದೆ. 46 ಅನ್ನುವುದು ಮಾತ್ರ ಇನ್ನೂ ಎರವಲು ತಂದ ಸಂಖ್ಯೆ. ಎಂಟು ಗಂಟೆಯ ಜೆಲ್ ಅರ್ಧಾಯು ಉದ್ದ ಇದೆ ಅಂತ ಹೇಳುತ್ತದೆ, ಎಷ್ಟು ಅಂತ ಹೇಳುವುದಿಲ್ಲ. ಅದು ಬೇಕಾದರೆ ಭಾರದ ಅಮೈನೋ ಆಮ್ಲ ಹಾಕಿ ಹಳೆಯದು ಹೊಸದು ಬೇರ್ಪಡಿಸಿ ಮಾಸ್ ಸ್ಪೆಕ್ಟ್ರೊಮೀಟರ್‌ನಲ್ಲಿ ನೋಡಬೇಕು.

ಮೊದಲ_ಸೆಮಿಸ್ಟರ್

ಗೈಡ್ ಏನಂದರು?

ಕಪ್ಪುಪಟ್ಟಿ

ಎರಡೂ ಜೆಲ್ ಮೇಜಿನ ಮೇಲಿಟ್ಟು, ಕಾಗದದಲ್ಲಿ ಆ ಲೆಕ್ಕ ಬಿಡಿಸಿ ತೋರಿಸಿದೆ. ತಾವೇ ಪೆನ್ನು ತೆಗೆದುಕೊಂಡು 12 ಗಂಟೆಗೆ ಎಷ್ಟು ಬರಬೇಕು ಅಂತ ಲೆಕ್ಕ ಹಾಕಿದರು. ಆ ಸ್ಯಾಂಪಲ್ ನನ್ನ ಹತ್ತಿರ ಇರಲಿಲ್ಲ. ನಾಳೆ ಬೆಳಿಗ್ಗೆ ಹೊಸ ಡಿಶ್ ಹಾಕುತ್ತಿದ್ದೇನೆ, ಈ ಸಲ 2, 4, 8, 12, 24, 48. ಭಾರದ ಅಮೈನೋ ಆಮ್ಲದ ಪ್ರಯೋಗ ಯಾರಾದರೂ ವಿಭಜನೆಯಾಗದೆ ನಿಂತಿರುವ ಕೋಶಗಳಲ್ಲಿ ಮಾಡಿದ್ದರೆ, ಎಷ್ಟು ದಿನ ಇಡಬೇಕು ಅಂತ ದಯವಿಟ್ಟು ತಿಳಿಸಿ.